ಹಳೆಯ ರೇಸ್ ಗಾಡಿಯ ಮೂಲ ಗೇರ್ ಬಾಕ್ಸನ್ನು ಗುರುತಿಸಿ ದಾಖಲಿಸುವ ಕ್ರಮ

ಆರ್‌ಸಿ ಪುಸ್ತಕವನ್ನು ತೆರೆದರೆ ಚಾಸಿಸ್ ನಂಬರ್ ಸಿಗುತ್ತದೆ, ಇಂಜಿನ್ ನಂಬರ್ ಸಿಗುತ್ತದೆ. ಗೇರ್ ಬಾಕ್ಸಿನ ನಂಬರ್ ಸಿಗುವುದಿಲ್ಲ. ಸಾರಿಗೆ ಇಲಾಖೆಗೆ ಅದು ಬೇಕಾಗಿಲ್ಲ, ಗಾಡಿ ಕೈಬದಲಾಗುವಾಗ ಕೊಂಡವರೂ ಕೊಟ್ಟವರೂ ಅದನ್ನು ಬರೆದುಕೊಳ್ಳುವುದಿಲ್ಲ. ಹೀಗಾಗಿ ಐವತ್ತು ಅರವತ್ತು ವರ್ಷಗಳ ಹಿಂದೆ ರೇಸಿಗೋ ರ‍್ಯಾಲಿಗೋ ಓಡಿದ ಗಾಡಿಯಲ್ಲಿ ಮೊದಲು ಕಳೆದುಹೋಗುವ ಭಾಗ ಗೇರ್ ಬಾಕ್ಸ್. ಕಳೆದುಹೋಗಿದೆ ಎಂಬುದೇ ಯಾರ ಗಮನಕ್ಕೂ ಬಾರದ ಭಾಗವೂ ಅದೇ. ಮಡಿಕೇರಿ, ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪಗಳ ಆಸುಪಾಸಿನ ತೋಟಗಳ ಶೆಡ್ಡುಗಳಲ್ಲಿ ಹಳೆಯ ಗಾಡಿಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ನನಗೆ ಒಂದು ಮಾತು ಖಚಿತವಾಗಿದೆ: ಗೇರ್ ಬಾಕ್ಸಿನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಹೆಚ್ಚಿನ ಸಂದರ್ಭಗಳಲ್ಲಿ ಆ ಗೇರ್ ಬಾಕ್ಸ್ ಒಂದೇ. ಆದ್ದರಿಂದ ತೊಳೆಯುವ, ಬಿಚ್ಚುವ, ದುರಸ್ತಿ ಮಾಡುವ ಮೊದಲೇ ಅದು ಹೇಳುವುದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಆ ಕೆಲಸವನ್ನು ಹೇಗೆ ಮಾಡುವುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

‘ಮೂಲ’ ಎಂದರೆ ಯಾವುದು

ಹುಡುಕಾಟಕ್ಕೆ ಹೊರಡುವ ಮೊದಲು ಈ ಪದದ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳುವುದು ಅಗತ್ಯ, ಏಕೆಂದರೆ ಮನೆಬಳಕೆಯ ಕಾರಿಗೆ ಹೊಂದುವ ಅರ್ಥ ರೇಸ್ ಕಾರಿಗೆ ಹೊಂದುವುದಿಲ್ಲ. ಮನೆಬಳಕೆಯ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಗೇರ್ ಬಾಕ್ಸೇ ಮೂಲ. ರೇಸ್ ಕಾರಿನಲ್ಲಾದರೋ ಗೇರುಗಳನ್ನು ಬದಲಿಸುವುದೇ ದಿನನಿತ್ಯದ ಕೆಲಸ. ಉದ್ದನೆಯ ನೇರ ದಾರಿಯಿರುವ ಟ್ರ್ಯಾಕಿಗೆ ಒಂದು ಅನುಪಾತ (ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ), ತಿರುವುಗಳೇ ತುಂಬಿದ ಟ್ರ್ಯಾಕಿಗೆ ಇನ್ನೊಂದು. ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ 1957ರಲ್ಲಿ ಮೈಕ್ ಹ್ಯೂಲ್ಯಾಂಡ್ ಆರಂಭಿಸಿದ ಸಂಸ್ಥೆಯ ಗೇರ್ ಬಾಕ್ಸುಗಳು ಅಷ್ಟು ಬೇಗ ಹೆಸರು ಮಾಡಿದ್ದಕ್ಕೆ ಒಂದು ಮುಖ್ಯ ಕಾರಣವೇ ಇದು: ಬಾಕ್ಸನ್ನು ಕಾರಿನಿಂದ ಇಳಿಸದೆ, ಹಿಂಬದಿಯ ಮುಚ್ಚಳವನ್ನಷ್ಟೇ ತೆಗೆದು ಗೇರ್ ಜೋಡಿಗಳನ್ನು ಬದಲಿಸಬಹುದಾಗಿತ್ತು. ಅಂಥ ಬಾಕ್ಸಿನೊಳಗಿನ ಗೇರುಗಳು ‘ಮೂಲದವೇ’ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಕೇಳಬೇಕಾದದ್ದು ಹೌಸಿಂಗ್ (ಗೇರುಗಳನ್ನು ಹೊತ್ತ ಹೊರಕವಚ) ಯಾವುದು, ಗೇರುಗಳು ಯಾವ ಕಾಲದವು, ಯಾವ ಓಟಕ್ಕೆ ಹಾಕಿದವು ಎಂಬುದನ್ನು.

ಇದಕ್ಕಿಂತ ತೊಡಕಿನ ಉದಾಹರಣೆ ಫೋರ್ಡ್ ಜಿಟಿ40 ಎಂಬ ರೇಸ್ ಕಾರು. 1964ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟಕ್ಕೆ ಇಳಿದ ಮೂರು ಜಿಟಿ40 ಕಾರುಗಳಲ್ಲಿ ಇದ್ದದ್ದು ಇಟಲಿಯ ಮೊಡೆನಾ ನಗರದ ವಲೇರಿಯೊ ಕೊಲೊಟ್ಟಿಯವರ ನಾಲ್ಕು ವೇಗದ ಗೇರ್ ಬಾಕ್ಸ್. ಮೂರರಲ್ಲಿ ಒಂದೂ ಓಟ ಮುಗಿಸಲಿಲ್ಲ. ಒಂದಕ್ಕೆ ಬೆಂಕಿ ಹತ್ತಿತು, ಉಳಿದೆರಡು ಗೇರ್ ಬಾಕ್ಸ್ ಕೆಟ್ಟು ನಿಂತವು. ಮುಂದಿನ ಕಾರುಗಳಿಗೆ ಜರ್ಮನಿಯ ಝಡ್‌ಎಫ್ ಸಂಸ್ಥೆಯ ಐದು ವೇಗದ 5ಡಿಎಸ್-25 ಬಂದಿತು. ಅಂದಮೇಲೆ ಅಂಥ ಮೊದಮೊದಲ ಕಾರಿನಲ್ಲಿ ಇಂದು ಝಡ್‌ಎಫ್ ಬಾಕ್ಸ್ ಕಂಡರೆ ಅದನ್ನು ನಕಲಿ ಎನ್ನಲಾಗುವುದಿಲ್ಲ, ಹುಟ್ಟಿನಿಂದ ಬಂದದ್ದು ಎನ್ನಲೂ ಆಗುವುದಿಲ್ಲ. ಅದು ಆ ಕಾರಿನ ಓಟದ ಕಾಲದಲ್ಲಿಯೇ ಆದ ಬದಲಾವಣೆ, ಆ ಕಾರಿನ ಚರಿತ್ರೆಯ ಒಂದು ಭಾಗ.

ಈ ಕಾರಣದಿಂದ ನಾನು ಪ್ರತಿ ಬಾಕ್ಸನ್ನೂ ನಾಲ್ಕರಲ್ಲಿ ಒಂದು ಹೆಸರಿನಡಿ ಬರೆಯುತ್ತೇನೆ. ಕಾರ್ಖಾನೆಯಲ್ಲಿ ಇದೇ ಕಾರಿಗೆ ಕೂರಿಸಿದ್ದೆಂದು ಕಾಗದಪತ್ರ ಅಥವಾ ನಂಬರ್ ಹೇಳಿದರೆ ‘ಹುಟ್ಟಿನ ಬಾಕ್ಸ್’. ಓಟದ ದಿನಗಳಲ್ಲಿ ಬದಲಿಸಿ ಅದರಲ್ಲೇ ಓಡಿದ್ದರೆ ‘ಓಟದ ಕಾಲದ ಬಾಕ್ಸ್’. ಅದೇ ಮಾದರಿಯದು, ಅದೇ ಕಾಲದ್ದು, ಆದರೆ ಈ ಕಾರಿಗೂ ಅದಕ್ಕೂ ನಂಟು ಸಿಗದಿದ್ದರೆ ‘ಸಮಕಾಲೀನ ಬಾಕ್ಸ್’. ಉಳಿದದ್ದೆಲ್ಲ ‘ನಂತರದ ಬಾಕ್ಸ್’. ಸಂದೇಹವಿದ್ದಾಗ ಕೆಳಗಿನ ವರ್ಗಕ್ಕೆ ಹಾಕಬೇಕು. ಮುಂದೆ ಪುರಾವೆ ಸಿಕ್ಕರೆ ಮೇಲಕ್ಕೆ ಏರಿಸಬಹುದು. ಮೊದಲೇ ಮೇಲೆ ಬರೆದು ಆಮೇಲೆ ಇಳಿಸುವವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ.

ಎಲ್ಲಿ, ಯಾವಾಗ ಹುಡುಕುವುದು

ಕೊಡಗಿನಲ್ಲಿ ಹ್ಯೂಲ್ಯಾಂಡ್ ಬಾಕ್ಸುಗಳು ದಾರಿಬದಿಯಲ್ಲಿ ಸಿಗುವುದಿಲ್ಲ. ಇಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ವಿಲ್ಲೀಸ್ ಜೀಪುಗಳು, ಮಹೀಂದ್ರದ ಜೀಪುಗಳು, ಫಿಯಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ಅಂಬಾಸಿಡರ್, ಆಮೇಲಿನ ಕಾಲದ ಮಾರುತಿ ಜಿಪ್ಸಿ. ತೋಟದ ಕೆಲಸಕ್ಕೆ ಕೊಂಡ ಗಾಡಿಯನ್ನೇ ಮದರಾಸಿನ ಬಳಿಯ ಶೋಳಾವರಂ ವಿಮಾನದಾರಿಯ ರೇಸಿಗೆ ಒಯ್ದವರಿದ್ದರು, ರ‍್ಯಾಲಿಗೆ ಇಳಿಸಿದವರಿದ್ದರು, ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ಓಡಿಸಿದವರು ಇಂದಿಗೂ ಇದ್ದಾರೆ. ಇಂಥ ಗಾಡಿಗಳ ಗೇರ್ ಬಾಕ್ಸ್ ಗಾಡಿಯಲ್ಲೇ ಇರಬೇಕೆಂದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೂಲೆಯಲ್ಲಿ, ಗೊಬ್ಬರದ ಗೋದಾಮಿನ ಅಟ್ಟದಲ್ಲಿ, ಹಳೆಯ ವಿಂಚಿನ ಜೊತೆಗೆ ಬೋಲ್ಟ್ ಹಾಕಿದ ಸ್ಥಿತಿಯಲ್ಲಿ ನಾನು ಬಾಕ್ಸುಗಳನ್ನು ನೋಡಿದ್ದೇನೆ.

ಹೋಗುವ ಕಾಲವೂ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಗಡಿಬಿಡಿ. ಆಗ ಯಾರಿಗೂ ನಿಮ್ಮೊಡನೆ ಶೆಡ್ಡು ತಡಕಾಡುವ ಬಿಡುವಿರುವುದಿಲ್ಲ. ಜೂನ್ ಬಂದರೆ ಮಳೆ, ಶೆಡ್ಡಿನೊಳಗೆ ಕತ್ತಲೆ, ನೆಲದಲ್ಲಿ ತೇವ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಾರ್ಚಿನಿಂದ ಮೇ ನಡುವೆ ಹೋಗುವುದು ಒಳ್ಳೆಯದು. ಮನೆಯ ಹಿರಿಯರಲ್ಲಿ ಮುಂಚಿತವಾಗಿ ಕೇಳಿಯೇ ಹೋಗಬೇಕು, ಕೊಳ್ಳಲು ಬಂದವರಂತೆ ನಡೆದುಕೊಳ್ಳಬಾರದು. ಬೆಲೆಯ ಮಾತು ಬಂದ ಕ್ಷಣದಿಂದ ಗಾಡಿಯ ಕಥೆಯೂ ಬೆಲೆಗೆ ತಕ್ಕಂತೆ ಬದಲಾಗತೊಡಗುತ್ತದೆ.

ಶೆಡ್ಡಿಗೆ ಹೋಗುವ ಮೊದಲು ಮನೆಯೊಳಗಿನ ಎರಡು ವಸ್ತುಗಳನ್ನು ನೋಡಲು ಕೇಳಿಕೊಳ್ಳಿ. ಒಂದು, ಫೋಟೋ ಆಲ್ಬಂ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ, ಕತ್ತಿ, ಸಲಕರಣೆಗಳ ಪೂಜೆಯ ಜೊತೆಗೆ ಗಾಡಿಗೂ ಹೂವು ಮುಡಿಸಿ ತೆಗೆದ ಚಿತ್ರಗಳು ಹಲವು ಮನೆಗಳಲ್ಲಿವೆ. ಬಾಗಿಲು ತೆರೆದಿರುವ ಚಿತ್ರ ಸಿಕ್ಕರೆ ಗೇರ್ ಲಿವರ್ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದು ನೋಡಿ. ಅಂಬಾಸಿಡರಿಗೂ ಫಿಯಟ್ 1100ಕ್ಕೂ ಲಿವರ್ ಸ್ಟೀರಿಂಗ್ ಕಂಬದ ಮೇಲಿರುತ್ತಿತ್ತು; ರೇಸಿಗೆ ಇಳಿದವರು ಅದನ್ನು ನೆಲಕ್ಕೆ ಇಳಿಸಿಕೊಳ್ಳುತ್ತಿದ್ದರು. 1960ರ ದಶಕದ ಚಿತ್ರದಲ್ಲಿ ಲಿವರ್ ನೆಲದಲ್ಲಿ ಕಂಡರೆ ಆ ಬದಲಾವಣೆ ಓಟದ ಕಾಲದ್ದೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಎರಡನೆಯದು, ತೋಟದ ಲೆಕ್ಕದ ಪುಸ್ತಕ. ರೈಟರ್, ಅಂದರೆ ತೋಟದ ಗುಮಾಸ್ತ, ಬರೆದಿಟ್ಟ ಖರ್ಚಿನ ಸಾಲುಗಳಲ್ಲಿ ‘ಜೀಪಿಗೆ ಗೇರ್ ಬಾಕ್ಸ್, ಮೈಸೂರಿನಿಂದ’ ಎಂಬಂಥ ಒಂದು ಸಾಲು ಸಿಕ್ಕರೆ ಬಾಕ್ಸ್ ಬದಲಾದ ತಿಂಗಳೇ ಕೈಗೆ ಸಿಕ್ಕಂತೆ.

ಓಡಿಸಿದವರ ಕೈಯನ್ನು ಕೇಳಿ

ಹಳೆಯ ಡ್ರೈವರುಗಳನ್ನು, ಮೆಕ್ಯಾನಿಕ್‌ಗಳನ್ನು ಮಾತನಾಡಿಸುವಾಗ ಹೆಸರು ಹೇಳಿ ಕೇಳಬಾರದು. ‘ಇದರಲ್ಲಿ ಇಂಥ ಕಂಪನಿಯ ಬಾಕ್ಸ್ ಇತ್ತಲ್ಲವೇ’ ಎಂದು ಕೇಳಿದರೆ, ಮನೆಗೆ ಬಂದವರ ಮನಸ್ಸು ನೋಯಬಾರದೆಂದು ‘ಹೌದು, ಇತ್ತು’ ಎಂದುಬಿಡುತ್ತಾರೆ. ಅದರ ಬದಲು ರಿವರ್ಸ್ ಎಲ್ಲಿತ್ತು, ಒಂದನೇ ಗೇರಿಗೆ ಲಿವರನ್ನು ಯಾವ ಕಡೆ ತಳ್ಳುತ್ತಿದ್ದಿರಿ, ಎರಡನೇ ಗೇರಿನಲ್ಲಿ ಸದ್ದು ಹೇಗಿತ್ತು, ಕ್ಲಚ್ಚನ್ನು ಎಷ್ಟು ಸಲ ತುಳಿಯಬೇಕಿತ್ತು ಎಂದು ಕೇಳಬೇಕು.

ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ಎಂಬತ್ತು ದಾಟಿದ ಡ್ರೈವರೊಬ್ಬರನ್ನು ನಾನು ಹೀಗೆ ಕೇಳಿದಾಗ ಅವರಿಗೆ ಬಾಯಿಮಾತಿನಲ್ಲಿ ನೆನಪು ಬರಲಿಲ್ಲ. ಜಗಲಿಯ ಮೇಲೆ ಕುಳಿತಲ್ಲೇ ಎಡಗೈಯನ್ನು ಚಾಚಿ, ಇಲ್ಲದ ಲಿವರನ್ನು ಹಿಡಿದು, ಎಡಕ್ಕೆ ಎಳೆದು ಹಿಂದಕ್ಕೆ ತಂದು, ಅಲ್ಲಿಂದ ಮುಂದಕ್ಕೆ ಒತ್ತಿ, ಮತ್ತೆ ನೇರ ಹಿಂದಕ್ಕೆ ಎಳೆದರು. ಮೂರು ಗೇರಿನ ಜೀಪಿನ ಚಲನೆ ಅದೇ. ಆಮೇಲೆ ತಡೆದು, ‘ಇಲ್ಲ ಸಾರ್, ಇದು ಆಮೇಲಿನದು. ರೇಸಿಗೆ ಹೋಗುವಾಗ ಬೇರೆ ಬಾಕ್ಸ್ ಹಾಕ್ತಿದ್ರು, ಅದಕ್ಕೆ ಇನ್ನೂ ಒಂದು ಗೇರ್ ಇತ್ತು’ ಎಂದು ಕೈಯನ್ನು ಇನ್ನೊಂದು ಬಗೆಯಲ್ಲಿ ಆಡಿಸಿ ತೋರಿಸಿದರು. ಆ ಕೈಯಾಟವನ್ನು ಅವರ ಒಪ್ಪಿಗೆಯೊಂದಿಗೆ ವಿಡಿಯೋ ಮಾಡಿಕೊಂಡೆ. ಎಷ್ಟು ವೇಗಗಳು, ರಿವರ್ಸ್ ಯಾವ ಮೂಲೆ ಎಂಬುದಿಷ್ಟು ತಿಳಿದರೆ ಹುಡುಕಬೇಕಾದ ಮಾದರಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಧ್ವನಿಮುದ್ರಣದ ಆರಂಭದಲ್ಲಿ ದಿನಾಂಕ, ಊರು, ಅವರು ಆ ಗಾಡಿಯನ್ನು ಓಡಿಸಿದ ವರ್ಷಗಳನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಿ.

ಗುರುತುಗಳನ್ನು ಓದುವುದು

ಗೇರ್ ಬಾಕ್ಸಿನ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಅವೆರಡನ್ನೂ ಒಂದೇ ಎಂದು ಭಾವಿಸುವುದು ಎಲ್ಲರೂ ಮಾಡುವ ತಪ್ಪು. ಎರಕದ ಅಚ್ಚಿನಿಂದಲೇ ಉಬ್ಬಿ ಬಂದಿರುವ ಅಕ್ಷರ ಮತ್ತು ಅಂಕಿಗಳು ಹೌಸಿಂಗ್ ಯಾವ ಮಾದರಿಯದು ಎಂಬುದನ್ನಷ್ಟೇ ಹೇಳುತ್ತವೆ. ಅದೇ ಅಚ್ಚಿನಿಂದ ಬಂದ ಸಾವಿರಾರು ಹೌಸಿಂಗ್‌ಗಳ ಮೇಲೆ ಅದೇ ಅಂಕಿ ಇರುತ್ತದೆ. ಜೋಡಣೆಯ ನಂತರ ಪಂಚ್ ಹೊಡೆದು ಕೂರಿಸಿದ ಅಂಕಿಗಳು ಮಾತ್ರ ಆ ಒಂದು ಬಾಕ್ಸಿಗೆ ಸೇರಿದವು. ಎರಕದ ದಿನಾಂಕ ಎಲ್ಲಿಯಾದರೂ ಸಿಕ್ಕರೆ ಅದು ಗಾಡಿ ತಯಾರಾದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು. ಎರಕವೇ ಗಾಡಿಗಿಂತ ಹೊಸದಾಗಿದ್ದರೆ ಬಾಕ್ಸ್ ಬದಲಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಪಂಚ್ ಗುರುತಿನಲ್ಲಿಯೇ ದಿನಾಂಕವಿರುವುದೂ ಉಂಟು. ಅಮೆರಿಕದ ಜನರಲ್ ಮೋಟಾರ್ಸಿನ ಮನ್ಸೀ ನಾಲ್ಕು ವೇಗದ ಬಾಕ್ಸಿನ ಮೇಲೆ ‘ಪಿ8ಬಿ15’ ಎಂದಿದ್ದರೆ ಪಿ ಎಂಬುದು ಮನ್ಸೀ, 8 ಎಂಬುದು 1968, ಬಿ ಎಂಬುದು ಫೆಬ್ರವರಿ, ಕೊನೆಯದು 15ನೇ ತಾರೀಖು. ಇಂಗ್ಲೆಂಡಿನ ಜಾಗ್ವಾರ್ ಕಾರುಗಳ ಎಕ್ಸ್‌ಕೆ ಸರಣಿಯಲ್ಲಿ ಇನ್ನೂ ಒಂದು ಅನುಕೂಲವಿದೆ: ಚಾಸಿಸ್, ಇಂಜಿನ್, ಬಾಡಿಗಳ ಜೊತೆಗೆ ಗೇರ್ ಬಾಕ್ಸಿನ ನಂಬರನ್ನೂ ಗಾಡಿಯ ಫಲಕದ ಮೇಲೆಯೇ ಕೆತ್ತಿರುತ್ತಾರೆ. ಫೆರಾರಿಯವರು ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್‌ಗಳಿಗೆ ಒಳ ನಂಬರ್ ಎಂಬ ಪ್ರತ್ಯೇಕ ಅಂಕಿ ಹೊಡೆಯುತ್ತಿದ್ದರು. ಹಳೆಯ ಪೋರ್ಷೆಗಳ ಕಾರ್ಖಾನೆ ಕಾರ್ಡಿನಲ್ಲಿಯೂ ಗೇರ್ ಬಾಕ್ಸಿನ ನಂಬರ್ ಇದೆ. ಇಂಥ ಗಾಡಿಯಾದರೆ ಕೆಲಸ ಸುಲಭ. ನಮ್ಮಲ್ಲಿ ಸಿಗುವ ಬಹುಪಾಲು ಗಾಡಿಗಳಿಗೆ ಆ ಭಾಗ್ಯವಿಲ್ಲ.

ಗುರುತು ಕಾಣಬೇಕಾದರೆ ಶುಚಿ ಮಾಡಬೇಕು, ಶುಚಿ ಮಾಡುವಾಗಲೇ ಗುರುತು ಅಳಿಯುತ್ತದೆ. ಇದನ್ನು ನಾನು ಕಲಿತದ್ದು ದೊಡ್ಡ ನಷ್ಟದಿಂದ. ಹಲವು ವರ್ಷಗಳ ಹಿಂದೆ ಒಂದು ಬಾಕ್ಸನ್ನು, ನಂಬರ್ ಬರೆದುಕೊಳ್ಳದೆಯೇ, ಹೊರಜಿಲ್ಲೆಯ ವರ್ಕ್‌ಶಾಪೊಂದಕ್ಕೆ ತೊಳೆಯಲು ಕೊಟ್ಟಿದ್ದೆ. ಅವರು ಪ್ರೀತಿಯಿಂದಲೇ ಮರಳು ಹೊಡೆದು, ಮೇಲ್ಮೈಯನ್ನು ಗ್ರೈಂಡರಿನಿಂದ ನಯಗೊಳಿಸಿ, ಬೆಳ್ಳಿಯ ಬಣ್ಣ ಬಳಿದು ಹಿಂತಿರುಗಿಸಿದರು. ಪಂಚ್ ಹೊಡೆದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಬಾಕ್ಸ್ ಯಾವ ಗಾಡಿಯದೆಂದು ಇನ್ನು ಯಾರೂ ಹೇಳುವಂತಿಲ್ಲ.

ಆದ್ದರಿಂದ ಮರಳು, ಗ್ರೈಂಡರ್, ತಂತಿ ಬ್ರಷ್ ಈ ಮೂರೂ ಬೇಡ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಜಿಡ್ಡಿನ ಮೇಲೆ ಒಂದು ಗಂಟೆ ಹಾಸಿ ಬಿಡಿ. ಆಮೇಲೆ ಬಿದಿರಿನ ಚಕ್ಕೆ, ಹಳೆಯ ಹಲ್ಲುಜ್ಜುವ ಬ್ರಷ್, ಕಾಟನ್ ವೇಸ್ಟ್ ಸಾಕು. ಜಿಡ್ಡಿನ ಕೆಳಗೆ ಬಣ್ಣ ಕಂಡರೆ ನಿಲ್ಲಿಸಿ ಚಿತ್ರ ತೆಗೆಯಿರಿ. ಒಂದರ ಮೇಲೊಂದು ಬಳಿದ ಬಣ್ಣದ ಪದರಗಳು ಬಾಕ್ಸ್ ಎಷ್ಟು ಕೈ ದಾಟಿದೆ ಎಂಬುದನ್ನು ಹೇಳುತ್ತವೆ. ಅಂಕಿ ಮಸುಕಾಗಿದ್ದರೆ ಟಾರ್ಚನ್ನು ನೇರವಾಗಿ ಹಿಡಿಯದೆ ಮೇಲ್ಮೈಗೆ ಸಮತಟ್ಟಾಗಿ, ಪಕ್ಕದಿಂದ ಹಿಡಿಯಿರಿ. ಕಣ್ಣಿಗೆ ಕಾಣದ 3 ಮತ್ತು 8ರ ವ್ಯತ್ಯಾಸ ನೆರಳಿನಲ್ಲಿ ಎದ್ದು ಕಾಣುತ್ತದೆ. ಅನಂತರ ತೆಳುವಾದ ಕಾಗದವನ್ನು ಅದರ ಮೇಲಿಟ್ಟು ಮೃದುವಾದ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಆರ್‌ಟಿಓ ಕಚೇರಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಕೊಟ್ಟವರಿಗೆ ಈ ಕೆಲಸ ಹೊಸದಲ್ಲ.

ಅಂಕಿಗಳನ್ನು ಓದಿದ ಮೇಲೆ ಅಂಕಿಗಳ ಸುತ್ತಲಿನ ಜಾಗವನ್ನೂ ಓದಬೇಕು. ಕಾರ್ಖಾನೆಯ ಯಂತ್ರ ಕೊರೆದ ಸಣ್ಣ ಗೆರೆಗಳು ಅಂಕಿಗಳ ನಡುವೆಯೂ ಮುಂದುವರಿದಿದ್ದರೆ ಅದು ಒಳ್ಳೆಯ ಲಕ್ಷಣ. ಸುತ್ತಲೂ ಗೆರೆಗಳಿದ್ದು ಅಂಕಿಗಳಿರುವ ಕಡೆ ಮಾತ್ರ ನುಣುಪಾಗಿದ್ದರೆ, ಅಥವಾ ಅಲ್ಲಿ ಸ್ವಲ್ಪ ತಗ್ಗು ಇದ್ದರೆ, ಹಳೆಯ ನಂಬರನ್ನು ಉಜ್ಜಿ ಹೊಸದನ್ನು ಹೊಡೆದಿದ್ದಾರೆಂದು ಅನುಮಾನಿಸಲೇಬೇಕು. ಅನುಮಾನವನ್ನೂ ದಾಖಲೆಯಲ್ಲಿ ಬರೆಯಿರಿ.

ಬಿಚ್ಚದೆ ಅನುಪಾತ ತಿಳಿಯುವುದು

ನಂಬರ್ ಅಳಿದುಹೋದ ಬಾಕ್ಸೂ ಒಂದು ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಅದು ಗೇರುಗಳ ಅನುಪಾತ. ಇದಕ್ಕೆ ಬೇಕಾದದ್ದು ಸೀಮೆಸುಣ್ಣ ಮತ್ತು ತಾಳ್ಮೆ. ವಿಲ್ಲೀಸ್ ಜೀಪನ್ನೇ ತೆಗೆದುಕೊಳ್ಳೋಣ. ಯುದ್ಧಕಾಲದ ಎಂಬಿ ಜೀಪಿನಲ್ಲಿ ಇದ್ದದ್ದು ಟಿ-84 ಎಂಬ ಮೂರು ವೇಗದ ಬಾಕ್ಸ್, ಒಂದನೇ ಗೇರಿನ ಅನುಪಾತ 2.665. ನಂತರದ ಸಿಜೆ-2ಎ, ಸಿಜೆ-3ಬಿ ಮುಂತಾದ ಜೀಪುಗಳಿಗೆ ಬಂದದ್ದು ಟಿ-90, ಅದರ ಒಂದನೇ ಗೇರ್ 2.798. ಎರಡರ ಹಿಂದೆಯೂ ಇರುವುದು ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸ್. ಆದರೆ ಎಂಬಿಯದರ ಲೋ ಗೇರ್ 1.97, ಸಿಜೆ ಜೀಪುಗಳದ್ದು 2.46.

ಮೊದಲು ನಾಲ್ಕೂ ಚಕ್ರಗಳಿಗೆ ಮರದ ತುಂಡು ಅಥವಾ ಕಲ್ಲು ಕೊಡಿ. ಇದು ಬರಿಯ ಎಚ್ಚರಿಕೆಯ ಮಾತಲ್ಲ: ಈ ಜೀಪುಗಳ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು, ಅದನ್ನು ಚಕ್ರಗಳ ಆಕ್ಸಲ್‌ಗೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕೂಡಲೇ ಗಾಡಿಗೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ. ಬ್ಯಾಟರಿಯ ತಂತಿ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಎರಡೂ ಪ್ರೊಪೆಲ್ಲರ್ ಶಾಫ್ಟುಗಳನ್ನು ಬಿಚ್ಚಿ, ಹ್ಯಾಂಡ್ ಬ್ರೇಕ್ ಸಡಿಲಿಸಿ. ಹಿಂದಿನ ಯೋಕಿನ (ಶಾಫ್ಟ್ ಜೋಡಿಸುವ ಕವಲಿನ) ಮೇಲೊಂದು, ಅದರ ಎದುರಿನ ಹೌಸಿಂಗ್ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಟ್ರಾನ್ಸ್‌ಫರ್ ಕೇಸನ್ನು ಹೈಗೆ, ಬಾಕ್ಸನ್ನು ಒಂದನೇ ಗೇರಿಗೆ ಹಾಕಿ, ಮುಂದಿನಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಕೊಟ್ಟು ಒಬ್ಬರು ನಿಧಾನವಾಗಿ ತಿರುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಯೋಕ್ ಸರಿಯಾಗಿ 10 ಸುತ್ತು ಬರುವವರೆಗೆ ಎಣಿಸಲಿ. ಹ್ಯಾಂಡಲ್ 28 ಸುತ್ತು ತಿರುಗಿದ್ದರೆ ಒಳಗಿರುವುದು ಟಿ-90ರ ಗೇರುಗಳು. 27ನೇ ಸುತ್ತು ಪೂರ್ಣವಾಗುವ ಮೊದಲೇ ಗೆರೆಗಳು ಕೂಡಿದರೆ ಟಿ-84. ಆಮೇಲೆ ಬಾಕ್ಸನ್ನು ಮೂರನೇ ಗೇರಿಗೂ ಟ್ರಾನ್ಸ್‌ಫರ್ ಕೇಸನ್ನು ಲೋಗೂ ಹಾಕಿ ಮತ್ತೆ 10 ಸುತ್ತು ಎಣಿಸಿ. ಮೂರನೆಯದು ನೇರ ಗೇರ್, ಅಂದರೆ ಅದರ ಅನುಪಾತ 1 ಆದ್ದರಿಂದ ಈಗ ಕಾಣುವುದು ಟ್ರಾನ್ಸ್‌ಫರ್ ಕೇಸಿನ ಅನುಪಾತ: 24 ಸುತ್ತು ದಾಟಿ ಅರ್ಧ ಬಂದರೆ ಸಿಜೆಯದು, 20ರ ಒಳಗೇ ನಿಂತರೆ ಎಂಬಿಯದು. ಮುಂದೆ ಟಿ-84, ಹಿಂದೆ 2.46ರ ಕೇಸು ಕಂಡರೆ ಎರಡು ಗಾಡಿಗಳ ಭಾಗ ಒಂದಾಗಿದೆ ಎಂದರ್ಥ. ಪ್ರತಿ ಎಣಿಕೆಯನ್ನೂ ಮೂರು ಸಲ ಮಾಡಿ, ಮೂರೂ ಫಲಿತಾಂಶಗಳನ್ನು ಬರೆಯಬೇಕು.

ಬೇರೆ ಗಾಡಿಗಳಿಗೂ ಕ್ರಮ ಇದೇ. ಹ್ಯಾಂಡಲ್ ಇಲ್ಲದಿದ್ದರೆ ಬಾಕ್ಸನ್ನು ಮೇಜಿನ ಮೇಲಿಟ್ಟು ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ ಎಣಿಸಬಹುದು. ಸಿಕ್ಕ ಅನುಪಾತವನ್ನು ಹೋಲಿಸಿ ನೋಡಲು ಅತ್ಯಂತ ನಂಬಲರ್ಹವಾದದ್ದು ಮೋಟಾರ್ ರೇಸುಗಳನ್ನು ನಿಯಂತ್ರಿಸುವ ಎಫ್‌ಐಎ ಸಂಸ್ಥೆಯ ಹೋಮೊಲೊಗೇಶನ್ ನಮೂನೆ. ಒಂದು ಮಾದರಿಯ ಕಾರು ರೇಸಿನಲ್ಲಿ ಭಾಗವಹಿಸಬೇಕಾದರೆ ತಯಾರಕರು ಅದರ ವಿವರಗಳನ್ನು ಸಲ್ಲಿಸಿ ಒಪ್ಪಿಗೆ ಪಡೆಯಬೇಕಿತ್ತು. ಆ ನಮೂನೆಯಲ್ಲಿ ಗೇರುಗಳ ಅನುಪಾತಗಳೂ ಹಲ್ಲುಗಳ ಸಂಖ್ಯೆಯೂ ಇರುತ್ತವೆ. ಮಾಮೂಲು ಅನುಪಾತದ ಪಕ್ಕದಲ್ಲಿ ರೇಸಿಗೆ ಅನುಮತಿ ಪಡೆದ ಅನುಪಾತ ಬರೆದಿದ್ದು, ನಿಮ್ಮ ಎಣಿಕೆ ಎರಡನೆಯದಕ್ಕೆ ಹೊಂದಿದರೆ ನಿಮ್ಮ ಮುಂದಿರುವುದು ಅಪರೂಪದ ವಸ್ತು.

ಹೊರನೋಟಕ್ಕೇ ಸಿಗುವ ಕೆಲವು ಸುಳಿವುಗಳು

ಹ್ಯೂಲ್ಯಾಂಡ್ ಸಂಸ್ಥೆಯ ಮಾರ್ಕ್ ಸರಣಿಯ ಆರಂಭದ ಬಾಕ್ಸುಗಳನ್ನು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹೌಸಿಂಗಿನಲ್ಲಿಯೇ ಕಟ್ಟಿದ್ದರು. ಬೀಟಲ್‌ನಲ್ಲಿ ಇಂಜಿನ್ ಬಾಕ್ಸಿನ ಹಿಂದೆ. ರೇಸ್ ಕಾರಿನಲ್ಲಿ ಇಂಜಿನ್ ಮುಂದೆ, ಬಾಕ್ಸ್ ಹಿಂದೆ. ಚಕ್ರ ಸರಿಯಾದ ದಿಕ್ಕಿಗೆ ತಿರುಗಬೇಕೆಂದು ಹೌಸಿಂಗನ್ನು ತಲೆಕೆಳಗಾಗಿ ಕೂರಿಸಲಾಯಿತು. ಹೀಗಾಗಿ ಫೋಕ್ಸ್‌ವ್ಯಾಗನ್ನಿನ ಎರಕದ ಗುರುತುಗಳು ತಲೆಕೆಳಗಾಗಿದ್ದು, ಹಿಂಬದಿಯಲ್ಲಿ ಬೇರೆಯದೇ ಮುಚ್ಚಳವಿದ್ದರೆ ಗುಜರಿಯವರ ಮಾತನ್ನು ನಂಬಿ ಅದನ್ನು ಬೀಟಲ್ ಬಾಕ್ಸ್ ಎಂದು ಬಿಟ್ಟು ಬರಬೇಡಿ. ಮುಚ್ಚಳ ತೆರೆದರೆ ನೇರ ಹಲ್ಲಿನ ಗೇರುಗಳೂ, ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗುಗಳ ಬದಲು ನೇರವಾಗಿ ಕಚ್ಚಿಕೊಳ್ಳುವ ಡಾಗ್ ರಿಂಗುಗಳೂ ಕಾಣುತ್ತವೆ. ಗೇರುಗಳ ಮುಖದ ಮೇಲೆ ಹಲ್ಲಿನ ಸಂಖ್ಯೆ ಬರೆದಿರುತ್ತದೆ.

ಮಿನಿ ಕೂಪರಿನಂಥ ಕಾರುಗಳಲ್ಲಿ ಗೇರ್ ಬಾಕ್ಸ್ ಇಂಜಿನ್ನಿನ ಸಂಪ್ (ತಳದ ಎಣ್ಣೆತೊಟ್ಟಿ) ಒಳಗೇ ಇರುತ್ತದೆ; ಬಿಡಿಭಾಗದ ಮೇಲೆ ‘ಸಿ-ಎಜೆಜೆ’ ಎಂಬ ಅಕ್ಷರಗಳು ಸಿಕ್ಕರೆ ಅದು ಆಬಿಂಗ್‌ಡನ್‌ನಲ್ಲಿದ್ದ ಮಿನಿ ತಯಾರಿಸಿದ ಬಿಎಂಸಿ ಕಂಪನಿಯ ಸ್ಪೆಷಲ್ ಟ್ಯೂನಿಂಗ್ ವಿಭಾಗದ ಸರಕು. ಇಂಗ್ಲೆಂಡಿನ ಇಆರ್‌ಎ, ಎಂಜಿ ಕೆ3 ಮುಂತಾದ 1930ರ ದಶಕದ ರೇಸ್ ಕಾರುಗಳಲ್ಲಿದ್ದ ವಿಲ್ಸನ್ ಪ್ರೀಸೆಲೆಕ್ಟರ್ ಬಾಕ್ಸಿನಲ್ಲಿ ಗೇರನ್ನು ಮೊದಲೇ ಆರಿಸಿಟ್ಟು, ಬೇಕಾದಾಗ ಪೆಡಲ್ ಒತ್ತಿದರೆ ಅದು ಬೀಳುತ್ತಿತ್ತು. ಜಿಪ್ಸಿಯಲ್ಲಿ ಮೊದಲ ಎಂಜಿ410ಕ್ಕೆ ನಾಲ್ಕು ವೇಗ, ಜಿಪ್ಸಿ ಕಿಂಗ್‌ಗೆ ಐದು. ಹಳೆಯ ರ‍್ಯಾಲಿ ಜಿಪ್ಸಿಯಲ್ಲಿ ಐದು ಕಂಡರೆ ಬದಲಾದ ವರ್ಷವನ್ನು ಹುಡುಕಬೇಕು.

ಹೌಸಿಂಗ್ ಯಾವ ಲೋಹದ್ದು ಎಂಬುದೂ ಸುಳಿವೇ. ರೇಸ್ ಬಾಕ್ಸುಗಳಲ್ಲಿ ಹಲವು ಮೆಗ್ನೀಸಿಯಂ ಎರಕದವು. ಅಲ್ಯೂಮಿನಿಯಂಗಿಂತ ಸುಮಾರು ಮೂರನೇ ಒಂದು ಭಾಗ ಹಗುರ. ಕಾಣದ ಮೂಲೆಯಲ್ಲಿ ಬಣ್ಣ ಕೆರೆದು ಒಂದು ಹನಿ ಬಿಳಿ ವಿನೆಗರ್ ಹಾಕಿದರೆ ಮೆಗ್ನೀಸಿಯಂ ಕೂಡಲೇ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಅಡುಗೆಮನೆಯಲ್ಲಿ ಕೈಗೆ ಸಿಗುವುದು ಕೊಡಗಿನ ಕಪ್ಪು ವಿನೆಗರ್ ಆದ ಕಾಚಂಪುಳಿಯೇ ಆದರೂ ಅದನ್ನು ಬಳಸಬೇಡಿ. ಆ ಕಪ್ಪಿನಲ್ಲಿ ಗುಳ್ಳೆ ಕಾಣುವುದಿಲ್ಲ, ಕಲೆಯೂ ಉಳಿಯುತ್ತದೆ. ಪರೀಕ್ಷೆ ಮುಗಿದ ಕೂಡಲೇ ಒರೆಸಿ ಒಣಗಿಸಿ. ಮೆಗ್ನೀಸಿಯಂ ಎಂದು ತಿಳಿದ ಮೇಲೆ ಅದರ ಹತ್ತಿರ ಗ್ರೈಂಡರನ್ನೋ ವೆಲ್ಡಿಂಗನ್ನೋ ತರಬಾರದು. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಉರಿ ಹೆಚ್ಚುತ್ತದೆ.

ತೆರೆಯಲೇಬೇಕಾದಾಗ

ಡ್ರೈನ್ ಪ್ಲಗ್ ತೆಗೆದಾಗ ಬರುವ ಮೊದಲ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ತಳದಲ್ಲಿ ಕುಳಿತ ಹಳದಿ ಮಿನುಗು ಸಿಂಕ್ರೊ ರಿಂಗಿನ ಹಿತ್ತಾಳೆ. ಬೂದು ಚೂರುಗಳು ಗೇರ್ ಹಲ್ಲಿನ ಉಕ್ಕು. ಡಾಗ್ ರಿಂಗಿನ ಬಾಕ್ಸ್ ಎಂದು ಯಾರಾದರೂ ಹೇಳಿದ ಬಾಕ್ಸಿನಿಂದ ಹಿತ್ತಾಳೆ ಬಂದರೆ ಆ ಮಾತನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಒಂದೊಂದು ಭಾಗವನ್ನು ಕಳಚುವ ಮೊದಲೂ ಕಳಚಿದ ಮೇಲೂ, ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಗೇರುಗಳ ಹಲ್ಲನ್ನು ಎಣಿಸುವಾಗ ಮೊದಲ ಹಲ್ಲಿಗೆ ಬಣ್ಣದ ಚುಕ್ಕೆ ಇಡಿ. ಬೇರಿಂಗುಗಳ ಮೇಲಿನ ಕಂಪನಿಯ ಹೆಸರು, ದೇಶದ ಹೆಸರನ್ನು ಬರೆದುಕೊಳ್ಳಿ. ಬಾಕ್ಸ್ ಹಿಂದೆ ಯಾವಾಗಲೋ ತೆರೆದಿತ್ತು ಎಂಬುದನ್ನು ಬೇರಿಂಗ್ ಹೇಳುವಷ್ಟು ಬೇರಾವುದೂ ಹೇಳುವುದಿಲ್ಲ. ಹಳೆಯ ಗ್ಯಾಸ್ಕೆಟ್, ಲಾಕ್ ವಾಷರ್, ಮುರಿದ ಹಲ್ಲು ಇವನ್ನೆಲ್ಲ ಬಿಸಾಡದೆ ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಡಬೇಕು.

ಬರವಣಿಗೆ

ದಾಖಲೆಗೆ ಗಟ್ಟಿ ರಟ್ಟಿನ ನೋಟ್ ಪುಸ್ತಕವೇ ಮೇಲು. ಫೋನಿನಲ್ಲಿರುವುದು ಫೋನಿನೊಂದಿಗೆ ಹೋಗುತ್ತದೆ. ಪ್ರತಿ ಬಾಕ್ಸಿಗೆ ಸಿಕ್ಕ ಜಾಗ, ದಿನಾಂಕ, ಇಟ್ಟುಕೊಂಡಿರುವವರು, ಗಾಡಿಯ ಚಾಸಿಸ್ ಮತ್ತು ಇಂಜಿನ್ ನಂಬರ್, ಬಾಕ್ಸಿನ ಎರಕದ ಗುರುತು, ಪಂಚ್ ಗುರುತು, ಪೆನ್ಸಿಲ್ ಅಚ್ಚು, ಎಣಿಸಿದ ಅನುಪಾತಗಳು, ಹಲ್ಲಿನ ಸಂಖ್ಯೆ, ಸಾಕ್ಷಿ ಹೇಳಿದವರ ಮಾತು, ಕೊನೆಯಲ್ಲಿ ನಾಲ್ಕು ವರ್ಗಗಳಲ್ಲಿ ಯಾವುದು, ಏಕೆ ಎಂಬುದು ಬರಬೇಕು. ಕಣ್ಣಾರೆ ಕಂಡದ್ದನ್ನು ಒಂದು ಬಣ್ಣದ ಶಾಯಿಯಲ್ಲಿಯೂ ಕೇಳಿದ್ದನ್ನು, ಊಹಿಸಿದ್ದನ್ನು ಇನ್ನೊಂದರಲ್ಲಿಯೂ ಬರೆಯುವುದು ನನ್ನ ರೂಢಿ. ಇದರ ಒಂದು ಪ್ರತಿ ಗಾಡಿಯ ಮನೆಯವರಲ್ಲಿ ಇರಲೇಬೇಕು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗಾಗಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಗೆ ‘ವಿಎ’ ಅಕ್ಷರಗಳಿರುವ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದೆಂದು ಆ ನಿಯಮ ಹೇಳುತ್ತದೆ. ಗೇರ್ ಬಾಕ್ಸಿನ ಹೆಸರು ಅಲ್ಲಿಯೂ ಇಲ್ಲ. ಹಾಗಾಗಿ ಸರ್ಕಾರದ ಕಾಗದ ಬಂದ ಮೇಲೂ ನಿಮ್ಮ ನೋಟ್ ಪುಸ್ತಕದ ಅಗತ್ಯ ತಪ್ಪುವುದಿಲ್ಲ. 1966ರಲ್ಲಿ ಸ್ಥಾಪನೆಯಾದ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐವಿಎ ತನ್ನ ಟ್ಯೂರಿನ್ ಸನದಿನಲ್ಲಿ, ಹೊಸದಾಗಿ ಹಾಕಿದ ಭಾಗಗಳಿಗೆ ಅಳಿಯದ ಗುರುತು ಹಾಕಬೇಕೆಂದು ಹೇಳಿದೆ. ಹೊಸ ಗೇರ್ ಮಾಡಿಸಿ ಹಾಕುವವರು ಅದರ ಕಾಣದ ಮುಖದ ಮೇಲೆ ವರ್ಷವನ್ನು ಕೆತ್ತಿಸಬೇಕು.

ಮಳೆಗಾಲದ ಮೊದಲು ಬಾಕ್ಸನ್ನು ಎತ್ತಿಡುವಾಗ ಗೊಬ್ಬರದ ಗೋದಾಮನ್ನು ಬಿಟ್ಟು ಬೇರೆ ಜಾಗ ನೋಡಿ. ತೋಟಕ್ಕೆ ಹಾಕುವ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್; ಅದರ ಪುಡಿ ತೇವದ ಗಾಳಿಯಲ್ಲಿ ಮೆಗ್ನೀಸಿಯಂ ಮೇಲೆ ಕುಳಿತರೆ ಒಂದೇ ಮಳೆಗಾಲದಲ್ಲಿ ಬಿಳಿ ಹಿಟ್ಟೆದ್ದು, ಪಂಚ್ ಗುರುತಿನ ಅಂಚುಗಳನ್ನು ತಿಂದುಹಾಕುತ್ತದೆ. ನೆಲದಿಂದ ಎತ್ತರದ ಮರದ ಹಲಗೆಯ ಮೇಲಿಟ್ಟು, ಒಳಗೆ ಹಿತ್ತಾಳೆಗೆ ಒಗ್ಗುವ ಜಿಎಲ್-4 ದರ್ಜೆಯ ಎಣ್ಣೆ ತುಂಬಿ, ಗುರುತುಗಳ ಮೇಲೆ ತೆಳುವಾಗಿ ಗ್ರೀಸ್ ಸವರಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತದೆ ಹತ್ತಿಯ ಬಟ್ಟೆ ಹೊದಿಸಿ. ತಿಂಗಳಿಗೊಮ್ಮೆ ಶಾಫ್ಟನ್ನು ನಾಲ್ಕು ಸುತ್ತು ತಿರುಗಿಸಿ, ತಿರುಗಿಸಿದ ದಿನವನ್ನು ಅದೇ ಪುಸ್ತಕದಲ್ಲಿ ಬರೆಯಿರಿ.